ಉಣ್ಣುವವರು ನೀವೊಬ್ಬರೇ ಅಂದುಕೊಂಡಿರಾ?

ಜಮಖಂಡಿಯ ಯಾವುದಾದರೂ ಮನೆ. ಮಧ್ಯಾಹ್ನದ ಹೊತ್ತು. ತಾಟಿನಲ್ಲಿ ಎರಡು ಬಿಸಿ ಜೋಳದ ರೊಟ್ಟಿ. ಪಕ್ಕಕ್ಕೆ ಮಡಕಿಕಾಳಿನ ಪಲ್ಯ. ಒಂದು ಚಮಚ ಅಗಸಿ ಹಿಂಡಿ, ಅದರ ಮೇಲೆ ಕೆನೆಮೊಸರು. ಒಂದು ಹಿಡಿ ಹಸಿ ಹತ್ತರಕಿ. ಮುಷ್ಟಿಯಿಂದ ಗುದ್ದಿ ಒಡೆದ ಉಳ್ಳಾಗಡ್ಡಿ. ತಂಬಿಗೆ ತುಂಬ ಮಜ್ಜಿಗೆ.

ಈಗ ಹೇಳ್ರಿ ನೋಡೋಣ. ಇದು ಎಷ್ಟು ಮಂದಿಯ ಊಟ?

ಒಬ್ಬರದು ಅಂದಿರಾ? ತಪ್ಪು!

ಇನ್ನೊಮ್ಮೆ ಯೋಚಿಸಿ. ನೂರು? ಲಕ್ಷ? ಕೋಟಿ? ಇನ್ನೂ ಮೇಲೆ ಹೋಗಿ. ಇನ್ನೂ! ಈ ಭೂಮಿಯ ಮೇಲೆ ನಾವು 800 ಕೋಟಿ ಜನ ಇದ್ದೇವಲ್ಲ, ಇಂಥ 4,700 ಭೂಮಿಗಳ ಜನರನ್ನು ಕೂಡಿಸಿದರೂ ಆ ಲೆಕ್ಕ ಸರಿಹೋಗದು.

38 ಲಕ್ಷ ಕೋಟಿ!

ಬೆಚ್ಚಿಬಿದ್ದಿರಾ? ನಾನೂ ಬೆಚ್ಚಿದ್ದೆ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ರಾನ್ ಸೆಂಡರ್, ರಾನ್ ಮಿಲೊ ಮತ್ತು ಅವರ ಸಂಗಡಿಗ 2016ರಲ್ಲಿ ಹಾಕಿದ ಲೆಕ್ಕ ಇದು. 70 ಕಿಲೋ ತೂಕದ ಒಬ್ಬ ಗಂಡಸಿನ ಮೈಯಲ್ಲಿರುವ ಬ್ಯಾಕ್ಟೀರಿಯಾಗಳು ಅಷ್ಟು. ಅವುಗಳಲ್ಲಿ ಬಹುಪಾಲು ಬಿಡಾರ ಹೂಡಿರುವುದು ದೊಡ್ಡ ಕರುಳಿನಲ್ಲಿ.

ಅದೇ ಗಂಡಸಿನ ಸ್ವಂತ ಜೀವಕೋಶಗಳು ಎಷ್ಟು? 30 ಲಕ್ಷ ಕೋಟಿ. ಅಂದರೆ ನಿಮ್ಮ ಮೈಯಲ್ಲಿ ನೀವೇ ಅಲ್ಪಸಂಖ್ಯಾತರು!

ಇಷ್ಟೊಂದು ಜೀವಿಗಳ ಒಟ್ಟು ತೂಕ ಎಷ್ಟಿರಬಹುದು? ಐದು ಕಿಲೋ? ಎರಡು? ಬರೀ 200 ಗ್ರಾಂ. ಸಂತೆಯಲ್ಲಿ ಅಷ್ಟು ತೂಕದ ಬದನಿಕಾಯಿ ಕೇಳಿದರೆ ಮಾರುವವಳು ನಕ್ಕಾಳು!

ಇನ್ನೊಂದು ಲೆಕ್ಕ ಕೇಳಿ. ಮನುಷ್ಯನ ಜೀನುಗಳು ಸುಮಾರು 20 ಸಾವಿರ. ಕರುಳಿನ ಜೀವಿಗಳದು? ಯುರೋಪಿನ 124 ಜನರ ಮಲವನ್ನು ಶೋಧಿಸಿ 2010ರಲ್ಲಿ ಎಣಿಸಿದಾಗ ಸಿಕ್ಕಿದ್ದು 33 ಲಕ್ಷ! ನಮ್ಮ ಜೀನುಗಳಿಗೆ ಬಾರದ ಎಷ್ಟೋ ಕೆಲಸ ಅವುಗಳಿಗೆ ಬರುತ್ತದೆ. ಆ ಕೆಲಸಗಳಲ್ಲಿ ಒಂದು ನಿಮ್ಮ ಮುಪ್ಪಿಗೆ ಸಂಬಂಧಿಸಿದ್ದು. ಅಸಲಿ ಬೆರಗು ಇರುವುದೇ ಅಲ್ಲಿ!

ಮೊದಲು ಒಂದು ಮೀನಿನ ಕಥೆ.

ಆಫ್ರಿಕದ ಜಿಂಬಾಬ್ವೆ, ಮೊಜಾಂಬಿಕ್ ಕಡೆ ಮಳೆಗಾಲದಲ್ಲಿ ತುಂಬಿ ಬೇಸಿಗೆಯಲ್ಲಿ ಒಣಗುವ ಹೊಂಡಗಳಿವೆ. ಅವುಗಳಲ್ಲೊಂದು ಪುಟ್ಟ ಬಣ್ಣದ ಮೀನು, ಟರ್ಕ್ವಾಯಿಸ್ ಕಿಲ್ಲಿಫಿಶ್. ಹೊಂಡ ಬತ್ತುವುದರೊಳಗೆ ಹುಟ್ಟಬೇಕು, ಬೆಳೆಯಬೇಕು, ಮೊಟ್ಟೆ ಇಡಬೇಕು. ಆದ್ದರಿಂದ ಬದುಕೆಲ್ಲ ಓಟ! ಒಂಬತ್ತೂವರೆ ವಾರಕ್ಕೆ ಅದಕ್ಕೆ ನಡುವಯಸ್ಸು ಬಂದಾಯಿತು. ಕೆಲವೇ ತಿಂಗಳಿಗೆ ಬಣ್ಣ ಮಾಸುತ್ತದೆ, ಈಜು ನಿಧಾನವಾಗುತ್ತದೆ, ಮುಪ್ಪು!

ಜರ್ಮನಿಯ ಕಲೋನ್ ನಗರದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಡಾರಿಯೊ ವಾಲೆಂಜಾನೊ ಮತ್ತು ಜೊತೆಗಾರರು ಒಂದು ತರಲೆ ಕೆಲಸ ಮಾಡಿದರು. ನಡುವಯಸ್ಸಿನ ಮೀನುಗಳಿಗೆ ಆಂಟಿಬಯಾಟಿಕ್ ಕೊಟ್ಟು ಕರುಳು ಖಾಲಿ ಮಾಡಿಸಿದರು. ಆಮೇಲೆ ಆರು ವಾರದ ಎಳೆ ಮೀನುಗಳ ಕರುಳಿನಲ್ಲಿದ್ದುದನ್ನು ತೆಗೆದು ಆ ತೊಟ್ಟಿಗೆ ಹಾಕಿದರು. ಅಷ್ಟೇ. ಬೇರೆ ಯಾವ ಔಷಧಿಯೂ ಇಲ್ಲ, ಇಂಜೆಕ್ಷನ್ ಇಲ್ಲ!

ಆಯುಷ್ಯ ಎಷ್ಟು ಹೆಚ್ಚಿತು? ಊಹಿಸಿ. 5 ಶೇಕಡ? 10?

2017ರಲ್ಲಿ ಫಲಿತಾಂಶ ಪ್ರಕಟವಾಯಿತು. ಏನೂ ಮಾಡದೆ ಬಿಟ್ಟ ಮೀನುಗಳಿಗಿಂತ ಶೇಕಡ 37. ತಮ್ಮದೇ ವಯಸ್ಸಿನವುಗಳ ಕರುಳಿನ ಜೀವಿಗಳನ್ನು ಪಡೆದ ಮೀನುಗಳಿಗಿಂತ ಶೇಕಡ 41! ಸುಮ್ಮನೆ ಬದುಕಿರಲಿಲ್ಲ ನೋಡ್ರಿ, ಹದಿನಾರನೆಯ ವಾರದಲ್ಲೂ ಎಳೆಯವುಗಳ ಹಾಗೆ ಈಜಾಡುತ್ತಿದ್ದವು!

ಮೀನಿಗೂ ನಮಗೂ ಅಂತರ ಬಹಳ, ಒಪ್ಪಿದೆ. ಆದರೆ ಆ ಕೊನೆಯ ಮಾತನ್ನು ಬಿಡಬೇಡಿ. ಈಜಾಡುತ್ತಿದ್ದವು! ನಮಗೆ ಬೇಕಾಗಿರುವುದೂ ಅದೇ ಅಲ್ಲವೇ? ವಿಶ್ವ ಆರೋಗ್ಯ ಸಂಸ್ಥೆಯ 2019ರ ಅಂದಾಜಿನಲ್ಲಿ ಭಾರತೀಯರ ಸರಾಸರಿ ಆಯುಷ್ಯ 70.8 ವರ್ಷ. ಅದರಲ್ಲಿ ಆರೋಗ್ಯದಿಂದ ಕಳೆಯುವುದು 60.3. ಉಳಿದ ಹತ್ತು ವರ್ಷ? ಮೊಣಕಾಲು, ಸಕ್ಕರೆ ಕಾಯಿಲೆ, ದವಾಖಾನಿ, ಹಾಸಿಗೆ! ಆ ಹತ್ತು ವರ್ಷದ ಮೇಲೆಯೇ ಈಗ ವಿಜ್ಞಾನಿಗಳ ಕಣ್ಣು. ಅವರು ಹುಡುಕುತ್ತಿರುವ ದಾರಿಗಳಲ್ಲಿ ಒಂದು ನೇರವಾಗಿ ಕರುಳಿಗೆ ಹೋಗುತ್ತದೆ.

ಈಗ ಒಂದು ಇಸವಿ ನೆನಪಿಟ್ಟುಕೊಳ್ಳಿ. 1907.

ಆ ವರ್ಷ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿದ್ದ ಇಲ್ಯಾ ಮೆಚ್ನಿಕಾಫ್ ಎಂಬ ಗಡ್ಡದ ವಿಜ್ಞಾನಿ ಒಂದು ಪುಸ್ತಕ ಹೊರತಂದ. ಬಲ್ಗೇರಿಯದ ರೈತರು ಹುಳಿ ಹಾಲು ಕುಡಿದು ನೂರು ದಾಟುತ್ತಾರೆ, ಮುಪ್ಪಿನ ಬೇರು ಕರುಳಿನಲ್ಲಿದೆ, ಮೊಸರಿನ ಬ್ಯಾಕ್ಟೀರಿಯ ಅದನ್ನು ತಡೆಯಬಲ್ಲದು ಎಂಬ ವಾದ. ಯುರೋಪ್ ಹುಚ್ಚೆದ್ದು ಮೊಸರಿನ ಹಿಂದೆ ಬಿತ್ತು! ಮರುವರ್ಷ, 1908ರಲ್ಲಿ, ಅವನಿಗೆ ನೊಬೆಲ್ ಬಂತು. ಮೊಸರಿಗಲ್ಲ, ರೋಗನಿರೋಧಕ ಶಕ್ತಿಯ ಸಂಶೋಧನೆಗೆ. ಪ್ಯಾರಿಸ್ಸಿನವರು ವೈದ್ಯರ ಚೀಟಿ ಹಿಡಿದು ಮೊಸರು ಹುಡುಕುತ್ತಿದ್ದಾಗ ನಮ್ಮ ಕೃಷ್ಣಾ ದಂಡೆಯ ಅಜ್ಜಿಯರು ಕಡೆಗೋಲು ಹಿಡಿದು ಕೂತಿದ್ದರು. ಅವರಿಗೆ ಯಾರೂ ನೊಬೆಲ್ ಕೊಡಲಿಲ್ಲ ಬಿಡಿ!

ಅದೇ 1907ರ ಮಾರ್ಚ್ 4. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಒಂದು ಹೆಣ್ಣುಮಗು ಹುಟ್ಟಿತು. ಮರಿಯಾ ಬ್ರನ್ಯಾಸ್.

ಅಲ್ಲಿಂದ ಸರಿಯಾಗಿ ನಾಲ್ಕು ವಾರ. ಏಪ್ರಿಲ್ 1. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಒಂದು ಗಂಡುಮಗು ಹುಟ್ಟಿತು. ಮುಂದೆ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ! ನಾಡು ಅವರನ್ನು 2019ರ ಜನವರಿ 21ರವರೆಗೆ ಕಂಡಿತು. 111 ವರ್ಷ!

ಮತ್ತೆ ಆ ಹೆಣ್ಣುಮಗು? ಸ್ಪೇನಿಗೆ ಹೋಯಿತು, ಕ್ಯಾಟಲೋನಿಯದಲ್ಲಿ ಬೆಳೆಯಿತು, ಎರಡು ಮಹಾಯುದ್ಧ ಕಂಡಿತು. 113ನೆಯ ವಯಸ್ಸಿನಲ್ಲಿ ಕೊರೊನಾ ಬಂತು. ಗೆದ್ದಳು! 2024ರ ಆಗಸ್ಟ್‌ನಲ್ಲಿ ತೀರಿಕೊಂಡಾಗ ಅವಳಿಗೆ 117. ಆ ಹೊತ್ತಿಗೆ ಜಗತ್ತಿನ ಅತಿ ಹಿರಿಯ ಜೀವ.

ಬದುಕಿದ್ದಾಗಲೇ ಅಜ್ಜಿ ಬಾರ್ಸಿಲೋನಾದ ವಿಜ್ಞಾನಿ ಮನೆಲ್ ಎಸ್ಟೆಲ್ಲರ್ ಅವರಿಗೆ ತನ್ನ ರಕ್ತ, ಎಂಜಲು, ಮಲ ಎಲ್ಲವನ್ನೂ ಪರೀಕ್ಷೆಗೆ ಕೊಟ್ಟಿದ್ದಳು. 2025ರಲ್ಲಿ ವರದಿ ಬಂತು. ಅವಳ ವಂಶವಾಹಿಯಲ್ಲಿ ಒಳ್ಳೆಯ ಗುಣಗಳಿದ್ದವು, ಅದು ದೊಡ್ಡ ಅದೃಷ್ಟ. ಆದರೆ ಕರುಳು? ಕರುಳಿನಲ್ಲಿ ಬೈಫಿಡೊಬ್ಯಾಕ್ಟೀರಿಯಂ ತುಂಬಿತ್ತು! ಮುಪ್ಪು ಬಂದಂತೆ ಸಾಮಾನ್ಯವಾಗಿ ಇಳಿದುಹೋಗುವ ಬಳಗ ಅದು. ನೂರು ದಾಟಿದ ಅಜ್ಜಿಗೆ ಎಳೆಯರಂಥ ಕರುಳು!

ಅಜ್ಜಿ ದಿನಾ ಏನು ತಿನ್ನುತ್ತಿದ್ದಳು ಗೊತ್ತೇ? ಮೂರು ಬಟ್ಟಲು ಮೊಸರು!

ಹಾಗಾದರೆ ಮೆಚ್ನಿಕಾಫ್ ಹೇಳಿದ್ದು ಸರಿಯೇ? ಅರ್ಧ ಸರಿ, ಅರ್ಧ ತಪ್ಪು. ಅವನ ಪ್ರಕಾರ ದೊಡ್ಡ ಕರುಳು ಮನುಷ್ಯನಿಗೆ ಬೇಡವಾದ ಅಂಗ, ವಿಷದ ಗೂಡು. ಇಂಥ ಯೋಚನೆಯ ಗಾಳಿ ಬೀಸಿದ್ದ ಕಾಲದಲ್ಲೇ ಲಂಡನ್ನಿನಲ್ಲಿ ಆರ್ಬತ್ನಾಟ್ ಲೇನ್ ಎಂಬ ಶಸ್ತ್ರವೈದ್ಯ ಮಲಬದ್ಧತೆಗೆ ಕರುಳನ್ನೇ ಕತ್ತರಿಸಿ ತೆಗೆಯುತ್ತಿದ್ದ! ಇವತ್ತು ಗೊತ್ತಾಗಿರುವುದು ಅದರ ತದ್ವಿರುದ್ಧ. ಆ ಬೇಡದ ಅಂಗವೇ ಅಡುಗೆಮನೆ. ಅಲ್ಲಿ ನಡೆಯುವ ಅಡುಗೆಗೆ ಸಾಮಾನು ಕಳಿಸುವುದು ಯಾರು? ನಿಮ್ಮ ತಾಟು!

ಬನ್ನಿ, ರೊಟ್ಟಿಯ ಹಿಂದೆ ಹೋಗೋಣ.

ಜೋಳದ ರೊಟ್ಟಿಯ ತುಂಡು ಬಾಯಿಗೆ ಹೋಯಿತು. ಜಠರ ದಾಟಿತು. ಸಣ್ಣ ಕರುಳು ಅದರಿಂದ ಸಕ್ಕರೆ, ಪ್ರೋಟೀನು ಎಲ್ಲ ಹೀರಿಕೊಂಡಿತು. ಕೊನೆಗೆ ಏನು ಉಳಿಯಿತು? ನಾರು. ಅದನ್ನು ಒಡೆಯುವ ಕಿಣ್ವ ನಮ್ಮಲ್ಲಿಲ್ಲ. ಹಳೆಯ ಪಠ್ಯಪುಸ್ತಕದ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಕಸ, ಹೊರಗೆ ಹೋಗುತ್ತದೆ, ಅಷ್ಟೇ!

ಮುಗಿಯಲಿಲ್ಲ! ದೊಡ್ಡ ಕರುಳಿನ ಬಾಗಿಲಲ್ಲಿ 38 ಲಕ್ಷ ಕೋಟಿ ಹಸಿದ ಬಾಯಿಗಳು ಕಾದಿವೆ. ನಾರಿನಲ್ಲಿ ಒಂದು ಪಾಲನ್ನು ಅವು ಹುಳಿಸುತ್ತವೆ. ಹುಳಿಸಿ ಮೂರು ಬಗೆಯ ಸಣ್ಣ ಆಮ್ಲಗಳನ್ನು ಉಗುಳುತ್ತವೆ: ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್.

ಬ್ಯುಟಿರೇಟ್! ಈ ಹೆಸರನ್ನು ಮರೆಯಬೇಡಿ. ದೊಡ್ಡ ಕರುಳಿನ ಗೋಡೆಯ ಕೋಶಗಳಿಗೆ ಬೇಕಾದ ಶಕ್ತಿಯಲ್ಲಿ ಸುಮಾರು ಶೇಕಡ 70 ಬರುವುದು ಇದರಿಂದ. ರಕ್ತ ತಂದುಕೊಡುವ ಸಕ್ಕರೆಗಿಂತ ಬ್ಯಾಕ್ಟೀರಿಯ ಉಗುಳಿದ್ದೇ ಆ ಕೋಶಗಳಿಗೆ ಪ್ರೀತಿ!

ಆ ಗೋಡೆ ಎಷ್ಟು ದಪ್ಪ ಅಂತ ಊಹಿಸಿ. ಒಂದು ಇಂಚು? ಒಂದು ಮಿಲಿಮೀಟರ್? ಒಂದೇ ಒಂದು ಕೋಶದ ದಪ್ಪ! ಬಾಯಿಂದ ಗುದದವರೆಗಿನ ಈ ಇಡೀ ಕೊಳವೆಯ ಒಳಮೈಯನ್ನು ಬಿಡಿಸಿ ಹಾಸಿದರೆ ಸುಮಾರು 32 ಚದರ ಮೀಟರ್, ಅಂದರೆ 345 ಚದರ ಅಡಿ. ಕರುಳಿನ ಗೋಡೆಯ ಕೋಶಗಳು ಮೂರರಿಂದ ಐದು ದಿನಕ್ಕೊಮ್ಮೆ ಹೊಸವಾಗುತ್ತವೆ. ಕಳೆದ ಸೋಮವಾರದ ಸಂತೆಗೆ ಹೋದಾಗ ಇದ್ದ ಗೋಡೆ ಈ ಸೋಮವಾರ ಇಲ್ಲ!

ಗೋಡೆಯ ಒಳಬದಿಗೆ ಲೋಳೆಯ ಒಂದು ಪದರ. ಅದೇ ಕಾವಲು. ಈಗ ಕೇಳಿ, ನಾರು ಬರದಿದ್ದರೆ ಆ ಹಸಿದ ಬಾಯಿಗಳು ಏನು ತಿನ್ನುತ್ತವೆ?

ಲೋಳೆಯನ್ನೇ! ಅಮೆರಿಕದ ಮಿಷಿಗನ್‌ನಲ್ಲಿ ಎರಿಕ್ ಮಾರ್ಟೆನ್ಸ್ ಮತ್ತು ಸಂಗಡಿಗರು 2016ರಲ್ಲಿ ಇಲಿಗಳಲ್ಲಿ ಇದನ್ನು ಕಣ್ಣಾರೆ ತೋರಿಸಿದರು. ನಾರು ನಿಲ್ಲಿಸಿದರು, ಬ್ಯಾಕ್ಟೀರಿಯಗಳು ಕಾವಲಿನ ಪದರವನ್ನೇ ಮೇಯತೊಡಗಿದವು. ಪದರ ತೆಳುವಾಯಿತು. ರೋಗಾಣು ಗೋಡೆಗೇ ಬಂದು ಅಂಟಿತು. ಅತಿಥಿಗೆ ಊಟ ಹಾಕದಿದ್ದರೆ ಅವನು ನಿಮ್ಮನ್ನೇ ತಿನ್ನುತ್ತಾನೆ!

ಇಂಥ ಗೋಡೆ ಸೋರಿದರೆ ಬ್ಯಾಕ್ಟೀರಿಯಗಳ ಚೂರುಪಾರು ರಕ್ತಕ್ಕೆ ಇಳಿಯುತ್ತದೆ. ಮೈಯ ಕಾವಲುಪಡೆ ಸದಾ ಎಚ್ಚರ. ಸಣ್ಣ ಉರಿ, ಆರದ ಉರಿ. ಇಟಲಿಯ ಕ್ಲೌಡಿಯೊ ಫ್ರಾಂಚೆಸ್ಕಿ 2000ದಲ್ಲಿ ಮುಪ್ಪಿನ ಜೊತೆ ಬರುವ ಈ ಉರಿಗೆ ಹೆಸರಿಟ್ಟರು, ಇನ್‌ಫ್ಲಮೇಜಿಂಗ್. ಹೃದಯ, ಸಕ್ಕರೆ ಕಾಯಿಲೆ, ಸ್ನಾಯು ಕರಗುವುದು, ಎಲ್ಲದರ ಹಿಂದೆಯೂ ಈ ಉರಿಯ ಹೊಗೆ ಕಾಣುತ್ತದೆ. ಆ ಕಳೆದುಹೋದ ಹತ್ತು ವರ್ಷ ನೆನಪಿದೆಯಲ್ಲ?

ಈಗ ನಮ್ಮ ತಾಟಿಗೆ ಬನ್ನಿ. ಹೊರಗಿನವರಿಗೆ ಜಮಖಂಡಿ ಸುತ್ತಲಿನ ಈ ಸೀಮೆ ಎಂದರೆ ಮುಧೋಳದ ನಾಯಿ, ರಬಕವಿ-ಬನಹಟ್ಟಿಯ ಸೀರೆ, ಜಮಖಂಡಿ ಕಡೆಯ ಬೆಲ್ಲ. ನನ್ನ ಪಟ್ಟಿಯಲ್ಲಿ ಈಗ ಮೊದಲ ಜಾಗ ರೊಟ್ಟಿಗೆ! ಯಾಕೆ ಗೊತ್ತೇ?

ನೂರು ಗ್ರಾಂ ಪಾಲಿಶ್ ಅಕ್ಕಿಯಲ್ಲಿ ನಾರು 3 ಗ್ರಾಂ ಕೂಡ ಇಲ್ಲ. ನೂರು ಗ್ರಾಂ ಜೋಳದಲ್ಲಿ? 10 ಗ್ರಾಂ! ಸಜ್ಜೆಯಲ್ಲಿ 11ಕ್ಕೂ ಮೇಲೆ. ಅಗಸಿಯಲ್ಲಿ 26! ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಅಳೆದು ಪ್ರಕಟಿಸಿದ ಅಂಕಿಗಳು ಇವು. ಒಂದು ರೊಟ್ಟಿಗೆ 50 ಗ್ರಾಂ ಹಿಟ್ಟು ಹಿಡಿದರೂ 5 ಗ್ರಾಂ ನಾರು ಬಂತು. ದಿನಕ್ಕೆ ಬೇಕಾದದ್ದು ಸುಮಾರು 30. ನಾಲ್ಕು ರೊಟ್ಟಿ, ಕಾಳಿನ ಪಲ್ಯ, ತಪ್ಪಲು, ಹಿಂಡಿ. ಲೆಕ್ಕ ನೀವೇ ಮುಗಿಸಿ!

ಜೋಳದಲ್ಲಿ ಇನ್ನೊಂದು ಚಮತ್ಕಾರ ಅಡಗಿದೆ. ಅದರ ಪಿಷ್ಟದ ಕಣಗಳ ಸುತ್ತ ಕಾಫಿರಿನ್ ಎಂಬ ಪ್ರೋಟೀನಿನ ಬಲೆ. ಬೇಯಿಸಿದಾಗ ಆ ಬಲೆ ಬಿಗಿಯಾಗುತ್ತದೆ. ಪಿಷ್ಟ ನಿಧಾನಕ್ಕೆ ಜೀರ್ಣವಾಗುತ್ತದೆ, ಒಂದಿಷ್ಟು ಜೀರ್ಣವಾಗದೆ ದೊಡ್ಡ ಕರುಳಿಗೂ ತಲುಪುತ್ತದೆ. ಹೊಲಕ್ಕೆ ಹೋಗುವವರು ರೊಟ್ಟಿ ಹೊಟ್ಟೆಯಲ್ಲಿ ನಿಲ್ಲುತ್ತದೆ ಅನ್ನುತ್ತಾರಲ್ಲ, ಪ್ರಯೋಗಾಲಯ ಅವರ ಪಕ್ಷ!

ರಾತ್ರಿ ಉಳಿದ ಜೋಳದ ನುಚ್ಚಿಗೆ ಬೆಳಗ್ಗೆ ಮಜ್ಜಿಗೆ ಸುರಿದುಕೊಂಡು ಉಣ್ಣುವ ಅಜ್ಜ ನಿಮ್ಮ ಮನೆಯಲ್ಲೂ ಇದ್ದಿರಬೇಕು. ಬಡತನದ ಊಟ ಅಂದುಕೊಂಡಿರಾ? ಬೆಂದ ಪಿಷ್ಟ ತಣಿದಾಗ ಅದರ ಒಂದು ಭಾಗ ಮತ್ತೆ ಗಟ್ಟಿಯಾಗಿ ಹೆಣೆದುಕೊಳ್ಳುತ್ತದೆ. ಆಮೇಲೆ ಸಣ್ಣ ಕರುಳಿಗೆ ಅದು ಜಗ್ಗದು. ನೇರ ಬ್ಯಾಕ್ಟೀರಿಯಗಳ ಬಾಯಿಗೆ!

ಇಂಥ ಜಗ್ಗದ ಪಿಷ್ಟಕ್ಕೆ ಎಂಥ ತಾಕತ್ತು ಅಂತ ತೋರಿಸಿದ್ದು ನಮ್ಮ ಪಕ್ಕದ ವೆಲ್ಲೂರು. ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಬಿ. ಎಸ್. ರಾಮಕೃಷ್ಣ ಮತ್ತು ಸಂಗಡಿಗರು 48 ಕಾಲರಾ ರೋಗಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಕೆಲವರಿಗೆ ಉಪ್ಪು-ಸಕ್ಕರೆ ನೀರಿನಲ್ಲಿ ಜೀರ್ಣವಾಗದ ಮೆಕ್ಕೆಜೋಳದ ಪಿಷ್ಟ ಬೆರೆಸಿ ಕೊಟ್ಟರು. ಭೇದಿ ಕಡಿಮೆಯಾಯಿತು, ಬೇಗ ನಿಂತಿತು! ಬ್ಯಾಕ್ಟೀರಿಯಗಳು ಪಿಷ್ಟವನ್ನು ಹುಳಿಸಿ ಆಮ್ಲ ಮಾಡುತ್ತವೆ, ಆ ಆಮ್ಲಗಳು ದೊಡ್ಡ ಕರುಳಿಗೆ ಉಪ್ಪುನೀರು ಹೀರಿಕೊಳ್ಳಲು ನೆರವಾಗುತ್ತವೆ. 2000ನೇ ಇಸವಿಯಲ್ಲಿ ಇದು ಜಗತ್ತಿನ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಬಂತು.

ಗುದ್ದಿದ ಉಳ್ಳಾಗಡ್ಡಿಯನ್ನು ಮರೆತಿರಾ? ಅದನ್ನು ಮರೆತರೆ ಈ ಕಥೆಯ ಅರ್ಧ ಹೋಯಿತು!

ಉಳ್ಳಾಗಡ್ಡಿಯಲ್ಲಿ ಫ್ರಕ್ಟೊ-ಒಲಿಗೊಸ್ಯಾಕರೈಡ್ ಎಂಬ ಸಕ್ಕರೆಯ ಸರಪಳಿಗಳಿವೆ. ನಮಗೆ ಜೀರ್ಣವಾಗವು, ಒಳ್ಳೆಯ ಬ್ಯಾಕ್ಟೀರಿಯಗಳಿಗೆ ಬಲು ಇಷ್ಟ. ಒಡಿಶಾದ 149 ಹಳ್ಳಿಗಳಲ್ಲಿ ಪಿನಾಕಿ ಪಾಣಿಗ್ರಾಹಿ ಮತ್ತು ತಂಡ ಇದೇ ಜಾತಿಯ ಸಕ್ಕರೆಯನ್ನು ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಮ್ ಎಂಬ ಬ್ಯಾಕ್ಟೀರಿಯದ ಜೊತೆ ಕೂಡಿಸಿ ಎಳೆ ಶಿಶುಗಳಿಗೆ ಕೊಟ್ಟರು. ಎಷ್ಟು ದಿನ? ಬರೀ ಏಳು! ಪ್ರಯೋಗದಲ್ಲಿದ್ದ ಶಿಶುಗಳು 4,556. ರಕ್ತದ ಸೋಂಕು ಮತ್ತು ಸಾವು ಎರಡನ್ನೂ ಕೂಡಿಸಿ ನೋಡಿದರೆ, ಔಷಧವಿಲ್ಲದ ಗುಂಪಿನಲ್ಲಿ ನೂರಕ್ಕೆ 9 ಇದ್ದದ್ದು ಇಲ್ಲಿ 5.4ಕ್ಕೆ ಇಳಿಯಿತು. ಶೇಕಡ 40ರಷ್ಟು ಇಳಿಕೆ! ಬದುಕಿನ ಮೊದಲ ವಾರದಲ್ಲಿ ಕರುಳಿಗೆ ಸೇರಿದ್ದು ಒಂದು ಜೀವದ ದಾರಿಯನ್ನೇ ತಿರುಗಿಸಿತು. 2017ರಲ್ಲಿ ಈ ಫಲಿತಾಂಶ ಬಂದಾಗ ಜಗತ್ತೇ ತಿರುಗಿ ನೋಡಿತು. ಕೂಸಿಗೆ ಉಳ್ಳಾಗಡ್ಡಿ ತಿನ್ನಿಸಲು ಹೊರಡಬೇಡಿ ಮತ್ತೆ! ಅದು ದೊಡ್ಡವರ ರೊಟ್ಟಿಯ ಜೊತೆಗೇ ಇರಲಿ.

ಇನ್ನು ಹುಳಿಯ ಸರದಿ. ಮೊಸರು, ಮಜ್ಜಿಗೆ, ಅಂಬಲಿ. ಚಳಿಗಾಲ ಬಂತೆಂದರೆ ಕರಿಂಡಿ! ಅಗಸಿ, ಹಸಿಮೆಣಸಿನಕಾಯಿ ಅರೆದು, ಕಾಯಿಪಲ್ಯದ ಹೋಳು ಬೆರೆಸಿ, ಕೆಲವು ದಿನ ಹುಳಿಯಲು ಬಿಟ್ಟು, ಖಾರ-ಹುಳಿ ಒಟ್ಟಿಗೆ ನೆತ್ತಿಗೇರುವ ಹಾಗೆ ತಿನ್ನುವುದಿದೆಯಲ್ಲ, ಅದು. ಕೊರಿಯದವರ ಕಿಮ್ಚಿಗೆ ಜಗತ್ತೆಲ್ಲ ಹೆಸರಿದೆ. ನಮ್ಮ ಕರಿಂಡಿಗೆ ಯಾಕಿಲ್ಲ ಅನ್ನುವುದು ನನ್ನ ಬಹುದಿನದ ಹೊಟ್ಟೆಯುರಿ!

ಅಮೆರಿಕದ ಸ್ಟ್ಯಾನ್‌ಫೋರ್ಡ್‌ನಲ್ಲಿ ಜಸ್ಟಿನ್ ಸೊನೆನ್‌ಬರ್ಗ್ ಮತ್ತು ಕ್ರಿಸ್ಟೋಫರ್ ಗಾರ್ಡ್ನರ್ 36 ಆರೋಗ್ಯವಂತರನ್ನು ಆರಿಸಿದರು. ಅರ್ಧ ಮಂದಿಗೆ ಹತ್ತು ವಾರ ನಾರಿನ ಊಟ. ಇನ್ನರ್ಧಕ್ಕೆ ಮೊಸರು, ಕಿಮ್ಚಿ ಮುಂತಾದ ಹುಳಿಸಿದ ಊಟ. ಯಾರು ಗೆದ್ದರು? ನಾರು ಅನ್ನುತ್ತೀರಾ? ನಾನೂ ಅದನ್ನೇ ಅಂದಿದ್ದೆ.

ಹುಳಿ ಗೆದ್ದಿತು! ಅವರ ಕರುಳಿನಲ್ಲಿ ಜೀವಿಗಳ ಬಗೆಗಳು ಹೆಚ್ಚಿದವು. ರಕ್ತದಲ್ಲಿ ಉರಿಯೂತದ 19 ಪ್ರೋಟೀನುಗಳು ಇಳಿದವು. ಹತ್ತೊಂಬತ್ತು! ನಾರಿನ ಗುಂಪಿನಲ್ಲಿ ಅಷ್ಟು ಬೇಗ ಬಗೆಗಳು ಹೆಚ್ಚಲಿಲ್ಲ. ಅಗಿಯಲು ಕೊಟ್ಟರು, ಅಗಿಯುವ ಜೀವಿಗಳೇ ಆ ಕರುಳುಗಳಲ್ಲಿ ಕಡಿಮೆ ಇದ್ದಿರಬೇಕೆಂದು ಸಂಶೋಧಕರ ಊಹೆ. ರೊಟ್ಟಿಯ ಪಕ್ಕ ಮಜ್ಜಿಗೆ ಇಟ್ಟವರು ಯಾರೋ, ಅವರಿಗೊಂದು ಶರಣು!

ಒಂದು ಮಾತು, ಮಜ್ಜಿಗೆಯನ್ನು ಕುದಿಸಿದರೆ ಜೀವಂತ ಬ್ಯಾಕ್ಟೀರಿಯ ಸತ್ತುಹೋಗುತ್ತದೆ. ಕುದಿಸಿದ ಮಜ್ಜಿಗೆ ಸಾರಿಗೆ ರುಚಿ ಇದೆ, ಈ ಲಾಭ ಇಲ್ಲ.

ಈಗ ಇಡೀ ತಾಟನ್ನೇ ಅದಲುಬದಲು ಮಾಡಿದರೆ ಏನಾಗುತ್ತದೆ? ಅದನ್ನೂ ಮಾಡಿ ನೋಡಿದ್ದಾರೆ!

ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿದ್ದ 20 ಆಫ್ರಿಕನ್ ಮೂಲದವರು. ದಕ್ಷಿಣ ಆಫ್ರಿಕದ ಹಳ್ಳಿಯ 20 ಮಂದಿ. ಮೊದಲು ಎಲ್ಲರ ಕರುಳಿಗೆ ಕ್ಯಾಮೆರಾ ಇಳಿಸಿದರು. ಅಮೆರಿಕದವರಲ್ಲಿ 9 ಜನಕ್ಕೆ ಕರುಳಿನ ಗಂಟು. ಹಳ್ಳಿಯವರಲ್ಲಿ? ಒಬ್ಬರಿಗೂ ಇಲ್ಲ!

ಆಮೇಲೆ ಸ್ಟೀಫನ್ ಓಕೀಫ್ ಅವರ ತಂಡ ಊಟ ಬದಲಿಸಿತು. ಹಳ್ಳಿಯವರಿಗೆ ಬರ್ಗರ್, ಹುರಿದ ಆಲೂಗಡ್ಡೆ. ಅಮೆರಿಕದವರಿಗೆ ಮೆಕ್ಕೆಜೋಳದ ಗಂಜಿ, ಕಾಳು, ತರಕಾರಿ. ಅವರ ನಾರು ದಿನಕ್ಕೆ 14 ಗ್ರಾಂನಿಂದ 55ಕ್ಕೆ ಏರಿತು. ಎಷ್ಟು ವರ್ಷ ಹೀಗೆ ನಡೆಸಿದರು ಗೊತ್ತೇ?

ವರ್ಷವೂ ಅಲ್ಲ, ತಿಂಗಳೂ ಅಲ್ಲ. ಎರಡು ವಾರ!

ಗಂಜಿ ಉಂಡವರ ಬ್ಯುಟಿರೇಟ್ ಎರಡೂವರೆ ಪಟ್ಟು ಏರಿತು. ಕರುಳಿನ ಉರಿಯೂತ ಇಳಿಯಿತು. ಬರ್ಗರ್ ತಿಂದವರ ಬ್ಯುಟಿರೇಟ್ ಅರ್ಧಕ್ಕೆ ಕುಸಿಯಿತು. ಒಂದು ಅಮಾವಾಸ್ಯೆಯಿಂದ ಹುಣ್ಣಿಮೆ ಬರುವುದರೊಳಗೆ ಕರುಳಿನ ಲೋಕವೇ ಬೇರೆ! 2015ರ ಆ ವರದಿಯನ್ನು ಓದಿದ ದಿನ ರಾತ್ರಿ ನಾನು ಅನ್ನದ ತಾಟನ್ನು ಅನುಮಾನದಿಂದ ನೋಡಿದೆ.

ಭಾರತೀಯರ ಕರುಳು ಹೇಗಿದೆ? ಭೋಪಾಲ ಮತ್ತು ಕೇರಳದ 110 ಆರೋಗ್ಯವಂತರನ್ನು ಪರೀಕ್ಷಿಸಿದ ಅಧ್ಯಯನ 2019ರಲ್ಲಿ ಬಂತು. ಗಿಡಜನ್ಯ ಊಟದ ಭೋಪಾಲದವರಲ್ಲಿ ಪ್ರಿವೊಟೆಲ್ಲ ಎಂಬ ಬಳಗದ್ದೇ ಕಾರುಬಾರು. ಕೇರಳದವರಲ್ಲಿ ಬೇರೆ ಬಳಗ. ಒಂದೇ ದೇಶ, ಎರಡು ಕರುಳು!

ನೂರು ದಾಟಿದವರ ಕರುಳಂತೂ ಮಾಯಾಲೋಕ! ಜಪಾನಿನ ಕೇನ್ಯಾ ಹೊಂಡಾ ಮತ್ತು ತಂಡ ಶತಾಯುಷಿಗಳ ಮಲ ಪರೀಕ್ಷಿಸಿತು. ಎಷ್ಟು ಮಂದಿ ಸಿಕ್ಕಿರಬಹುದು? ಹತ್ತು? ಇಪ್ಪತ್ತು? 160! ಸರಾಸರಿ ವಯಸ್ಸು 107!

ಅವರ ಕರುಳಿನ ಕೆಲವು ಬ್ಯಾಕ್ಟೀರಿಯಗಳು ಪಿತ್ತರಸದ ಆಮ್ಲವನ್ನು ಹಿಡಿದು, ಕೆತ್ತಿ, ತಿರುವಿ, ಹೊಸದೊಂದು ಆಮ್ಲ ತಯಾರಿಸುತ್ತಿದ್ದವು. ಹೆಸರು ಉದ್ದ, ಐಸೊಅಲ್ಲೊಲಿಥೊಕೋಲಿಕ್ ಆಮ್ಲ. ಕೆಲಸ ಚಿಕ್ಕದಲ್ಲ. ಆಸ್ಪತ್ರೆಗಳಲ್ಲಿ ಮುದುಕರ ಜೀವ ತೆಗೆಯುವ ಕ್ಲಾಸ್ಟ್ರಿಡಿಯೊಯಿಡಿಸ್ ಡಿಫಿಸಿಲ್ ಎಂಬ ರೋಗಾಣುವನ್ನು ಅದು ಕೊಲ್ಲುತ್ತದೆ! ನೂರರ ಅಜ್ಜನ ಹೊಟ್ಟೆಯಲ್ಲಿ ಸ್ವಂತ ಔಷಧ ಕಾರ್ಖಾನೆ! 2021ರ ಸುದ್ದಿ ಇದು.

ಅದೇ 2021ರಲ್ಲಿ ಅಮೆರಿಕದ ಸಿಯಾಟಲ್‌ನಿಂದ ಮತ್ತೊಂದು. 9,000ಕ್ಕೂ ಹೆಚ್ಚು ಜನರ ಕರುಳನ್ನು ಹೋಲಿಸಿದಾಗ, ಆರೋಗ್ಯವಾಗಿ ಮುಪ್ಪಾಗುವವರ ಕರುಳು ವರ್ಷ ಕಳೆದಂತೆ ತನ್ನದೇ ದಾರಿ ಹಿಡಿಯುತ್ತದೆಂದು ಕಂಡಿತು. ಬೇರೆ ಯಾರ ಹಾಗೂ ಇಲ್ಲ! ಎಲ್ಲರಲ್ಲೂ ಕಾಣುವ ಬ್ಯಾಕ್ಟಿರಾಯ್ಡಿಸ್ ಬಳಗವೇ ಮುಪ್ಪಿನಲ್ಲೂ ಹೆಚ್ಚಾಗಿ ಉಳಿದವರು ನಾಲ್ಕು ವರ್ಷದ ಅವಧಿಯಲ್ಲಿ ಹೆಚ್ಚಾಗಿ ತೀರಿಕೊಂಡರು. ಕರುಳು ಮುಪ್ಪು ತಂದಿತೋ, ಮುಪ್ಪು ಕರುಳನ್ನು ಕೆಡಿಸಿತೋ? ಎರಡೂ ಕೈ ಕೂಡಿದರೇ ಚಪ್ಪಾಳೆ ಅನ್ನುವುದು ನನ್ನ ಅನುಮಾನ.

ಹಾಗಾದರೆ ಔಷಧದಂಗಡಿಯ ಪ್ರೊಬಯಾಟಿಕ್ ಡಬ್ಬಿ ತಂದರಾಯಿತಲ್ಲ? ದುಡ್ಡು ಜೇಬಿನಲ್ಲೇ ಇರಲಿ! ಒಂದೆರಡು ಬಗೆಯ ಬ್ಯಾಕ್ಟೀರಿಯ ನುಂಗಿ ನೂರು ವರ್ಷ ಕೊಂಡವರು ಯಾರೂ ಇಲ್ಲ. ಮೊಸರಿನ ಮೊದಲ ಪ್ರಚಾರಕ ಮೆಚ್ನಿಕಾಫ್ ಎಷ್ಟು ವರ್ಷ ಬದುಕಿದ ಅಂತ ಕೇಳಿ. ವರ್ಷಗಟ್ಟಲೆ ದಿನಾ ಹುಳಿ ಹಾಲು ಕುಡಿದವನು 1916ರಲ್ಲಿ ತೀರಿಕೊಂಡ. 71!

ಇನ್ನು ಎದೆ ಧಸಕ್ಕೆನ್ನುವ ಮಾತು.

ಈ ಸೀಮೆಯ ಎರೆಹೊಲಕ್ಕೆ ಕೃಷ್ಣೆ, ಘಟಪ್ರಭೆಯ ನೀರು ಬಂತು. ಬಿಳಿಜೋಳ ನಿಂತ ಕಡೆ ಕಬ್ಬು ನಿಂತಿತು. ಒಳ್ಳೆಯದೇ, ಮನೆಗೆ ದುಡ್ಡು ಬಂತು, ಮಕ್ಕಳು ಕಾಲೇಜಿಗೆ ಹೋದರು. ಆದರೆ ತಾಟು? ಎರಡು ಹೊತ್ತಿನ ರೊಟ್ಟಿ ಒಂದು ಹೊತ್ತಾಯಿತು. ಸಂಜೆ ಅನ್ನ, ನಡುವೆ ಬಿಸ್ಕತ್ತು, ಬಸ್‌ಸ್ಟ್ಯಾಂಡಿನಲ್ಲಿ ಬೇಕರಿಯ ಪಫ್ಸ್. ರೊಟ್ಟಿ ಬಡಿಯಲು ಬರುವ ಕೈಗಳೂ ಕಡಿಮೆಯಾಗುತ್ತಿವೆ. ಅದಕ್ಕೆ ಸೊಸೆಯಂದಿರನ್ನು ಬೈಯಬೇಡಿ, ಗಂಡುಮಕ್ಕಳೂ ಹಂಚಿನ ಮುಂದೆ ಕೂರಲಿ! ತಾಟಿನ ನಾರು ಹೀಗೇ ಇಳಿಯುತ್ತ ಹೋದರೆ?

ಸೊನೆನ್‌ಬರ್ಗ್ ದಂಪತಿ ಇಲಿಗಳಿಗೆ ನಾರು ಕಡಿಮೆ ಮಾಡಿ ತಲೆಮಾರಿನಿಂದ ತಲೆಮಾರಿಗೆ ನೋಡುತ್ತ ಹೋದರು. ನಾಲ್ಕನೆಯ ತಲೆಮಾರಿನಲ್ಲಿ ಮುತ್ತಜ್ಜಿಯ ಕರುಳಿನಲ್ಲಿದ್ದ ಜೀವಿಗಳಲ್ಲಿ ಎಷ್ಟು ಕಾಣೆಯಾಗಿದ್ದವು? ಸುಮಾರು ಮುಕ್ಕಾಲು ಪಾಲು! ಮತ್ತೆ ನಾರು ಕೊಟ್ಟರು. ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಬಗೆಗಳು ಬರಲೇ ಇಲ್ಲ. ನಾರಿನ ಜೊತೆಗೆ ಕಳೆದುಹೋದ ಜೀವಿಗಳನ್ನೂ ಹೊರಗಿನಿಂದ ತಂದು ಸೇರಿಸಿದಾಗ ಮಾತ್ರ ಕರುಳು ಮತ್ತೆ ತುಂಬಿತು!

ಮುತ್ತಜ್ಜಿ, ಅಜ್ಜಿ, ಅವ್ವ, ಮಗಳು. ಬೆರಳು ಮಡಚಿ ನೋಡಿ. ನಾಲ್ಕೇ!

ರೊಟ್ಟಿ ಬಿಟ್ಟು ಬಹಳ ದಿನವಾದವರು ನಾಳೆಯೇ ಆರು ರೊಟ್ಟಿ ತಿಂದು ಹೊಟ್ಟೆ ಉಬ್ಬರಿಸಿಕೊಳ್ಳಬೇಡಿ. ನಿಧಾನಕ್ಕೆ ಏರಿಸಿ, ನೀರು ಕುಡಿಯಿರಿ. ಕರುಳಿನ ಅಥವಾ ಮೂತ್ರಪಿಂಡದ ಕಾಯಿಲೆ ಇದ್ದವರು ಡಾಕ್ಟರನ್ನು ಕೇಳಿ.

ಕೊನೆಗೊಂದು ಪಂದ್ಯ. 2018ರಲ್ಲಿ ಅಮೆರಿಕದಿಂದ ಹತ್ತು ಸಾವಿರಕ್ಕೂ ಹೆಚ್ಚು ಜನರ ಕರುಳನ್ನು ಪರೀಕ್ಷಿಸಿದ ದೊಡ್ಡ ಅಧ್ಯಯನ ಬಂತು. ವಾರಕ್ಕೆ ಹತ್ತು ಅಥವಾ ಅದಕ್ಕೂ ಕಡಿಮೆ ಬಗೆಯ ಗಿಡಜನ್ಯ ಆಹಾರ ತಿನ್ನುವವರಿಗಿಂತ 30ಕ್ಕೂ ಹೆಚ್ಚು ಬಗೆ ತಿನ್ನುವವರ ಕರುಳಿನಲ್ಲಿ ಜೀವಿಗಳ ವೈವಿಧ್ಯ ಹೆಚ್ಚು. ಮೂವತ್ತು! ಪೇಟೆಯವರು ಪಟ್ಟಿ ಹಿಡಿದು ಒದ್ದಾಡುವ ಗುರಿ.

ನಮಗೆ ಒಂದು ವಾರ ಯಾಕೆ ಬೇಕು? ಎಳ್ಳ ಅಮಾವಾಸ್ಯೆಯ ಒಂದು ಬುತ್ತಿ ಬಿಚ್ಚಿ! ಚರಗ ಚೆಲ್ಲಿ ಬಂದು ಬನ್ನಿಗಿಡದ ಕೆಳಗೆ ಕೂತಾಯಿತು. ಈಗ ಎಣಿಸಿ. ಜೋಳ, ಸಜ್ಜೆ, ಹೋಳಿಗೆಯ ಗೋಧಿ, ಎಳ್ಳು, ಶೇಂಗಾ, ಗುರೆಳ್ಳು, ಅಗಸಿ. ಏಳಾಯಿತು! ಕಡಲೆ, ತೊಗರಿ, ಹೆಸರು, ಮಡಕಿ, ಅಲಸಂದಿ, ಅವರೆ. ಹದಿಮೂರು! ಎಣ್ಣೆಗಾಯಿಯ ಬದನೆ, ಮೆಂತ್ಯದ ತಪ್ಪಲು, ಹತ್ತರಕಿ, ರಾಜಗಿರಿ, ಸಬ್ಬಸಗಿ, ಮೂಲಂಗಿ, ಗಜ್ಜರಿ, ಸೌತಿಕಾಯಿ. ಇಪ್ಪತ್ತೊಂದು! ಉಳ್ಳಾಗಡ್ಡಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಕರಿಬೇವು, ಜೀರಿಗೆ, ಅರಿಷಿಣ, ಹುಣಸೆ, ನಿಂಬೆ.

ಮೂವತ್ತು! ಒಂದೇ ಊಟಕ್ಕೆ! ಇನ್ನೂ ಕೊಬ್ಬರಿ ಬಂದಿಲ್ಲ, ಯಾಲಕ್ಕಿ ಬಂದಿಲ್ಲ, ಬಾಳೆಹಣ್ಣು ಬಂದಿಲ್ಲ. ನಿಮ್ಮ ಬುತ್ತಿಯಲ್ಲಿ ಎಷ್ಟು? ಮುಧೋಳದವರದು ಹೆಚ್ಚೋ, ಬೀಳಗಿಯವರದು ಹೆಚ್ಚೋ? ಎಣಿಸಿ ಹೇಳ್ರಿ!